ಮಾತಿನ ಬಲ ಮತ್ತು ದೌಲತಾಬಾದಿನ ದಾರಿ: ‘ತುಘಲಕ್’ ನಾಟಕದ ಒಂದು ಅಭ್ಯಾಸ

ನಾಟಕವೆಂದೊಡನೆ ನಮ್ಮ ಕಡೆಯ ಜನಕ್ಕೆ ನೆನಪಾಗುವುದು ಬಣ್ಣ, ಕಿರೀಟ, ಹಾರ್ಮೋನಿಯಂ ಪೆಟ್ಟಿಗೆ, ಬೆಳಗಿನವರೆಗೆ ಎಚ್ಚರವಿದ್ದು ನೋಡಿದ ದೊಡ್ಡಾಟ. ಇವೆಲ್ಲ ಇರಬೇಕಾದವೇ. ಆದರೆ ಬಣ್ಣ ತೊಳೆದು, ಪರದೆ ಇಳಿಸಿ, ದೀಪ ಆರಿಸಿದ ಮೇಲೂ ನಾಟಕದಲ್ಲಿ ಉಳಿಯುವ ವಸ್ತು ಒಂದುಂಟು. ಅದು ಮಾತು. ಒಬ್ಬನು ಆಡುತ್ತಾನೆ, ಕೇಳಿದವನ ಮನಸ್ಸು ತಿರುಗುತ್ತದೆ, ಮನಸ್ಸು ತಿರುಗಿದವನು ಕಾಲು ಎತ್ತಿಡುತ್ತಾನೆ. ಕಥೆ ಮುಂದೆ ಸಾಗುವುದು ಹೀಗೆ.

ಕೃಷ್ಣಸಂಧಾನದ ಪ್ರಸಂಗವನ್ನು ನೋಡಿರಿ. ಅಲ್ಲಿ ಬಾಣ ಬಿಡುವವರಿಲ್ಲ, ಗದೆ ಎತ್ತುವವರಿಲ್ಲ. ಸಭೆಯಲ್ಲಿ ಮಾತು ಮಾತ್ರ. ಆದರೂ ಜನ ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ದಕ್ಷಿಣ ಕನ್ನಡ, ಕಾಸರಗೋಡು ಸೀಮೆಯ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ವಾದ ಹೂಡುತ್ತಾರೆ. ನಾಶಿಕದಲ್ಲಿರುವ ನಮಗೆ ಪಂಚವಟಿ ಬಲು ಸಮೀಪ. ಅಲ್ಲಿ ನಡೆಯಿತೆನ್ನುವ ಕಥೆಯ ತಿರುವೂ ಮಾತಿನದೇ. ಕಾವಲಿಗೆ ನಿಂತ ಲಕ್ಷ್ಮಣನನ್ನು ಅಲ್ಲಿಂದ ಕದಲಿಸಿದ್ದು ರಾಕ್ಷಸನ ಬಲವಲ್ಲ, ಸೀತೆಯ ಕಟುವಾದ ನುಡಿ. ಆಮೇಲೆ ಬಂದ ರಾವಣನು ಮೊದಲು ತೋರಿಸಿದ್ದು ಖಡ್ಗವನ್ನಲ್ಲ, ಸಂನ್ಯಾಸಿಯ ವೇಷವನ್ನು. ಮಾತು ಮತ್ತು ವೇಷ ಇವೆರಡೂ ಮನುಷ್ಯನನ್ನು ಒಪ್ಪಿಸುವ ಸಾಧನಗಳೆಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಈ ಪಾಠಕ್ಕೆ ನಾವು ಆರಿಸಿಕೊಂಡಿರುವುದು ಗಿರೀಶ ಕಾರ್ನಾಡರ ‘ತುಘಲಕ್’. ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಒಂದು: ಮಾತಿನ ಬಲವೂ ಅದರ ಕೇಡೂ ಎರಡೂ ಒಂದೇ ಕೃತಿಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ನಾಟಕಗಳು ಕನ್ನಡದಲ್ಲಿ ವಿರಳ. ಎರಡು: ಈ ನಾಟಕದ ಅರ್ಧ ಕಥೆ ನಡೆಯುವುದು ದೌಲತಾಬಾದಿನ ಕೋಟೆಯಲ್ಲಿ. ಆ ಕೋಟೆ ಛತ್ರಪತಿ ಸಂಭಾಜಿನಗರದಿಂದ ವೇರೂಳಕ್ಕೆ ಹೋಗುವ ರಸ್ತೆಯಲ್ಲಿ, ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿದೆ. ವಾಳೂಜ, ಚಿಕಲಠಾಣಾಗಳಲ್ಲಿ ದುಡಿಯುವ ನಮ್ಮವರು ರಜೆಯ ದಿನ ಬಸ್ಸು ಹಿಡಿದು ನೋಡಿಬರಬಹುದಾದ ಜಾಗ. ನಾಶಿಕದ ಸಾತಪುರ, ಅಂಬಡಗಳ ನಮ್ಮ ಮಿತ್ರರಿಗೂ ಅದು ಬಹು ದೂರವೇನಲ್ಲ.

೧. ನಾಟಕದ ಪರಿಚಯ

ಗಿರೀಶ ಕಾರ್ನಾಡರು ಹುಟ್ಟಿದ್ದು ೧೯೩೮ರಲ್ಲಿ, ಈ ಮಹಾರಾಷ್ಟ್ರದ ಮಾಥೇರಾನದಲ್ಲಿಯೇ. ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ‘ಯಯಾತಿ’ಯ ನಂತರ ಬರೆದ ‘ತುಘಲಕ್’ ೧೯೬೪ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು. ಆಗ ಅವರಿಗೆ ೨೬ ವರ್ಷ. ಬೆಂಗಳೂರಿನ ರಂಗದ ಮೇಲೆ ಸಿ. ಆರ್. ಸಿಂಹ ಅವರು ಸುಲ್ತಾನನಾಗಿ ಹೆಸರು ಗಳಿಸಿದರು. ದಿಲ್ಲಿಯಲ್ಲಿ ಇಬ್ರಾಹಿಂ ಅಲ್ಕಾಜಿಯವರು ಹಳೆಯ ಕೋಟೆಯ ಅವಶೇಷಗಳ ನಡುವೆ ಇದನ್ನು ಆಡಿಸಿದರು. ಮರಾಠಿಗೆ ಅನುವಾದಿಸಿದವರು ವಿಜಯ ತೆಂಡೂಲಕರರು. ಹೀಗಾಗಿ ನಮ್ಮ ಪಕ್ಕದ ಖೋಲಿಯ ಮರಾಠಿ ಗೆಳೆಯನೊಡನೆಯೂ ಈ ನಾಟಕದ ಮಾತು ತೆಗೆಯಬಹುದು. ಕಾರ್ನಾಡರಿಗೆ ೧೯೯೮ರ ಜ್ಞಾನಪೀಠ ಪ್ರಶಸ್ತಿ ಬಂತು. ೨೦೧೯ರಲ್ಲಿ ಅವರು ತೀರಿಕೊಂಡರು.

ನಾಟಕದಲ್ಲಿ ಹದಿಮೂರು ದೃಶ್ಯಗಳಿವೆ. ಕಾಲ ೧೩೨೭ರಿಂದ ಮುಂದೆ. ನಾಯಕ ದಿಲ್ಲಿಯ ಸುಲ್ತಾನ ಮಹಮ್ಮದ ಬಿನ್ ತುಘಲಕ್. ಓದಿದವನು, ಕನಸುಗಾರ, ಚದುರಂಗದಲ್ಲಿ ನಿಪುಣ. ಎಲ್ಲಕ್ಕಿಂತ ಮಿಗಿಲಾಗಿ ಮಾತುಗಾರ. ಅವನ ಹತ್ತಿರ ಇಬ್ಬರು ಸಲಹೆಗಾರರು: ರಾಜಕಾರಣವೇ ಉಸಿರಾದ ನಜೀಬ್, ಇತಿಹಾಸಕಾರ ಬರನಿ. ಇವರ ಕಥೆಗೆ ಸಮನಾಗಿ, ಕೆಳಗೆ ಬೀದಿಯಲ್ಲಿ ಇನ್ನೊಂದು ಕಥೆ ಓಡುತ್ತದೆ: ಅಜೀಜ್ ಎಂಬ ದೋಬಿ ಮತ್ತು ಆಜಂ ಎಂಬ ಜೇಬುಗಳ್ಳ, ಇವರಿಬ್ಬರದು.

೨. ಮೊದಲನೆಯ ದೃಶ್ಯ: ಕರೆ

ದಿಲ್ಲಿಯ ನ್ಯಾಯಾಲಯದ ಮುಂದಿನ ಅಂಗಳ. ಜನ ನೆರೆದಿದ್ದಾರೆ. ಒಬ್ಬ ಮುದುಕನು ಸುಲ್ತಾನನನ್ನು ಬೈಯುತ್ತಾನೆ, ಒಬ್ಬ ಯುವಕನು ಹೊಗಳುತ್ತಾನೆ, ಒಬ್ಬ ಹಿಂದೂ ಸಂಶಯದಿಂದ ನೋಡುತ್ತಾನೆ. ಅವನ ಮೇಲಿನ ಜಿಜಿಯಾ ತೆರಿಗೆ ಮನ್ನಾ ಆಗಿದೆ. ಆದರೂ ಅವನಿಗೆ ನೆಮ್ಮದಿಯಿಲ್ಲ. ಒದೆಯುವ ದೊರೆಯ ಕಾಲು ಎತ್ತ ಬೀಳುತ್ತದೆಂದು ಗೊತ್ತು, ಅಪ್ಪಿಕೊಳ್ಳುವ ದೊರೆಯ ಕೈ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ ಎಂಬಂತಹ ಅಂಜಿಕೆ ಅವನದು.

ಅಷ್ಟರಲ್ಲಿ ಡಂಗುರ. ವಿಷ್ಣುಪ್ರಸಾದನೆಂಬ ಬ್ರಾಹ್ಮಣನೊಬ್ಬನು, ತನ್ನ ಭೂಮಿಯನ್ನು ಸರಕಾರ ಅನ್ಯಾಯವಾಗಿ ಕಸಿದುಕೊಂಡಿತೆಂದು ಸುಲ್ತಾನನ ಮೇಲೆಯೇ ದಾವೆ ಹೂಡಿದ್ದನು. ಕಾಜಿಯು ಸುಲ್ತಾನನದೇ ತಪ್ಪೆಂದು ತೀರ್ಪು ಕೊಟ್ಟಿದ್ದಾನೆ. ಬ್ರಾಹ್ಮಣನಿಗೆ ಐದುನೂರು ಬೆಳ್ಳಿಯ ದಿನಾರು ಪರಿಹಾರ, ಮೇಲೆ ಸರಕಾರದಲ್ಲಿ ಒಂದು ನೌಕರಿ. ತೀರ್ಪು ಕೇಳಿ ಜನ ಬೆರಗಾಗಿ ನಿಂತಿರುವಾಗಲೇ ಸುಲ್ತಾನನು ಹೊರಗೆ ಬರುತ್ತಾನೆ, ಮಾತಾಡುತ್ತಾನೆ, ಆ ಮಾತಿನ ಕೊನೆಗೆ ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಒಯ್ಯುವೆನೆಂದು ಸಾರುತ್ತಾನೆ.

ಅವನು ಕೊಡುವ ಕಾರಣಗಳು ಪೊಳ್ಳಲ್ಲ. ದಿಲ್ಲಿ ಗಡಿಗೆ ಹತ್ತಿರವಾಗಿದ್ದು ದಾಳಿಗೆ ಸಿಕ್ಕುವ ಊರು. ರಾಜ್ಯವು ದಕ್ಷಿಣಕ್ಕೆ ಬಹಳ ದೂರ ಚಾಚಿದೆ. ಅದನ್ನು ನಡುವಿನಿಂದ ಆಳುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ದೌಲತಾಬಾದು ಹಿಂದೂಗಳ ಊರು. ಅಲ್ಲಿ ರಾಜಧಾನಿ ಕಟ್ಟಿದರೆ ಎರಡು ಮತದವರ ನಡುವೆ ಬಾಂಧವ್ಯ ಬೆಳೆಯುತ್ತದೆ. ಕಡೆಗೆ ಹೇಳುವುದು ಇಷ್ಟು: ಇದು ಅಪ್ಪಣೆಯಲ್ಲ, ಬರಿಯ ಆಮಂತ್ರಣ, ತನ್ನಲ್ಲಿ ನಂಬಿಕೆಯುಳ್ಳವರು ಬರಲಿ.

ಈ ಭಾಷಣವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ನಮ್ಮ ಮನಸ್ಸೂ ಒಂದು ಗಳಿಗೆ ಅವನ ಕಡೆಗೆ ವಾಲುತ್ತದೆ. ವಾಲದಿದ್ದರೆ ಓದಿದ್ದು ಸರಿಯಾಗಲಿಲ್ಲವೆಂದೇ ತಿಳಿಯಬೇಕು. ಮೊದಲು ವಾಲಬೇಕು; ಆಮೇಲೆ ಏಕೆ ವಾಲಿದೆವೆಂದು ವಿಚಾರಿಸಬೇಕು. ಅಭ್ಯಾಸದ ಕ್ರಮ ಇದು.

೩. ಮಾತಿನ ಮೂರು ಕಾಲು

ಗ್ರೀಕರ ಪಂಡಿತ ಅರಿಸ್ಟಾಟಲನು ಒಪ್ಪಿಸುವ ಮಾತಿಗೆ ಮೂರು ಆಧಾರಗಳೆಂದು ಹೇಳಿದ್ದಾನೆ. ಆಡುವವನ ಮೇಲೆ ಕೇಳುವವರಿಗಿರುವ ವಿಶ್ವಾಸ ಒಂದು. ಮಾತಿನೊಳಗಿನ ಕಾರಣ ಎರಡು. ಕೇಳುವವರ ಎದೆಯ ಭಾವ ಮೂರು. ಮೂರು ಕಾಲಿನ ಮಣೆಯಂತೆ, ಒಂದು ಮುರಿದರೂ ನಿಲ್ಲದು. ಸುಲ್ತಾನನ ಭಾಷಣವನ್ನು ಈ ಮೂರರಿಂದ ಅಳೆಯೋಣ.

ಮೊದಲನೆಯದು ವಿಶ್ವಾಸ. ಅದನ್ನು ಅವನು ಬಾಯಿಂದ ಬೇಡಲಿಲ್ಲ. ತನ್ನ ನ್ಯಾಯಾಲಯದಲ್ಲಿ ತಾನೇ ಸೋತು, ದಂಡ ತೆತ್ತು, ಆ ಸುದ್ದಿ ಇನ್ನೂ ಬಿಸಿಯಾಗಿರುವಾಗಲೇ ಜನರೆದುರು ಬಂದು ನಿಂತನು. ನಾಲ್ಕು ಸಾಲು ಭಾಷಣಕ್ಕಿಂತ ಆ ತೀರ್ಪಿನ ಬೆಲೆ ದೊಡ್ಡದು. ಇಂತಹ ದೊರೆ ನಮಗೆ ಮೋಸಮಾಡುವನೆ ಎಂದು ಅಂಗಳದ ಯುವಕನಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಎರಡನೆಯದು ಕಾರಣ. ಗಡಿ, ವಿಸ್ತಾರ, ಮತಗಳ ಬಾಂಧವ್ಯ. ಮೂರೂ ಒಪ್ಪತಕ್ಕವೇ. ಆದರೆ ಗಮನಿಸಿರಿ: ಮೂರೂ ರಾಜ್ಯದ ಕಾರಣಗಳು. ಅಂಗಳದಲ್ಲಿ ನಿಂತ ಮುದುಕನ ಮನೆ, ಅವನ ಅಂಗಡಿ, ಅವನ ಕಾಯಿಲೆಯ ಹೆಂಡತಿ, ದಾರಿಯ ನೀರು, ದಾರಿಯ ಅನ್ನ ಇವುಗಳ ಲೆಕ್ಕ ಅದರಲ್ಲಿಲ್ಲ. ದಿಲ್ಲಿಯಿಂದ ದೌಲತಾಬಾದು ಸಾವಿರ ಕಿಲೋಮೀಟರಿಗೂ ಹೆಚ್ಚು. ಆಗಿನ ಕಾಲದಲ್ಲಿ ಅದು ನಲವತ್ತು ದಿನಗಳ ಪಯಣವೆಂದು ಪ್ರವಾಸಿ ಇಬ್ನ್ ಬತೂತನು ಬರೆದಿದ್ದಾನೆ. ಭಾಷಣದಲ್ಲಿ ಆ ನಲವತ್ತು ದಿನಗಳು ಕಾಣುವುದಿಲ್ಲ.

ಮೂರನೆಯದು ಭಾವ. ಇಲ್ಲಿದೆ ಕೀಲಿ. ನಂಬಿಕೆಯುಳ್ಳವರು ಬರಲಿ ಎಂದೊಡನೆ ಪ್ರಶ್ನೆಯೇ ಬದಲಾಯಿತು. ದೌಲತಾಬಾದಿಗೆ ಹೋಗುವುದು ಲೇಸೋ ಅಲ್ಲವೋ ಎಂಬುದು ಮೊದಲಿನ ಪ್ರಶ್ನೆ. ಅದಕ್ಕೆ ಹೌದು ಎನ್ನಬಹುದು, ಅಲ್ಲವೆನ್ನಬಹುದು, ಇನ್ನಷ್ಟು ವಿಚಾರಿಸೋಣ ಎನ್ನಬಹುದು. ಈಗ ಅದರ ಜಾಗದಲ್ಲಿ ನಿಂತದ್ದು ಇನ್ನೊಂದು ಪ್ರಶ್ನೆ: ನನ್ನನ್ನು ನಂಬುತ್ತೀರೋ ಇಲ್ಲವೋ? ಇದಕ್ಕೆ ಇಲ್ಲವೆನ್ನುವ ಎದೆಗಾರ ಯಾರು? ಬಾರದೆ ಉಳಿದವನು ಊರನ್ನು ಬಿಡಲಾರದವನು ಎನಿಸಿಕೊಳ್ಳುವುದಿಲ್ಲ, ದೊರೆಯನ್ನು ನಂಬದವನು ಎನಿಸಿಕೊಳ್ಳುತ್ತಾನೆ. ಆಮಂತ್ರಣದ ಲಕೋಟೆಯೊಳಗೆ ಅಪ್ಪಣೆಯ ಕಾಗದ ಅಡಗಿ ಕುಳಿತಿರುವುದು ಹೀಗೆ.

ಇಂಗ್ಲಿಷ್ ಮಹಾಕವಿ ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಅದು ೧೫೯೯ರ ಸುಮಾರಿನದು. ಸೀಸರನ ಕೊಲೆಯಾದ ಮೇಲೆ ಬ್ರೂಟಸನು ಜನಕ್ಕೆ ಕಾರಣ ಹೇಳುತ್ತಾನೆ, ಜನ ಒಪ್ಪುತ್ತಾರೆ. ಅನಂತರ ಆಂಟನಿ ಬರುತ್ತಾನೆ. ಅವನು ವಾದ ಮಾಡುವುದು ಕಡಿಮೆ, ತೋರಿಸುವುದು ಹೆಚ್ಚು: ಸೀಸರನ ಮೃತ್ಯುಪತ್ರ, ಇರಿತದಿಂದ ಹರಿದ ಅಂಗವಸ್ತ್ರ, ರಕ್ತದ ದೇಹ. ಕೊಲೆಗಾರರನ್ನು ಮತ್ತೆ ಮತ್ತೆ ಸಭ್ಯರೆಂದು ಕರೆಯುತ್ತಾ, ಆ ಶಬ್ದವನ್ನೇ ಬೈಗುಳವಾಗಿಸುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅದೇ ಜನ ಮನೆಗಳಿಗೆ ಬೆಂಕಿಯಿಡಲು ಓಡುತ್ತಾರೆ. ದಾರಿಯಲ್ಲಿ ಹೆಸರು ಒಂದೇ ಆಯಿತೆಂದು ಬಡಪಾಯಿ ಕವಿಯೊಬ್ಬನ ಮೇಲೂ ಬೀಳುತ್ತಾರೆ. ಆಂಟನಿಯ ಜನ ಉರಿದೆದ್ದರು. ತುಘಲಕನ ಜನ ಗೊಣಗಿದರು. ಆದರೆ ಎರಡೂ ಕಡೆ ಮಾತಿನ ಬೆಲೆ ತೆತ್ತವರು ಕೇಳಿದವರೇ.

ಇನ್ನೊಂದು ಸಂಗತಿ ಉಳಿದಿದೆ. ಜನ ಚದುರಿದ ಮೇಲೆ ತಿಳಿಯುತ್ತದೆ, ದಾವೆ ಗೆದ್ದ ಆ ಬ್ರಾಹ್ಮಣ ಬ್ರಾಹ್ಮಣನೇ ಅಲ್ಲ, ದೋಬಿ ಅಜೀಜ್! ಸರಕಾರ ಕಸಿದುಕೊಂಡಿದ್ದ ಭೂಮಿಯನ್ನು ವಿಷ್ಣುಪ್ರಸಾದನಿಂದ ಹಿಂದಿನ ತಾರೀಖು ಹಾಕಿದ ಕಾಗದದ ಮೇಲೆ ಕೊಂಡು, ಅವನ ಹೆಸರಿನಲ್ಲಿಯೇ ದಾವೆ ಹೂಡಿದ್ದಾನೆ. ಮುಸಲ್ಮಾನ ದೊರೆಯ ಮೇಲೆ ಮುಸಲ್ಮಾನನು ದಾವೆ ಗೆದ್ದರೆ ಅದರಲ್ಲಿ ಸೊಗಸೇನು? ಬ್ರಾಹ್ಮಣನು ಗೆದ್ದರೆ ದೊರೆಯ ನ್ಯಾಯಕ್ಕೆ ಮೆರುಗು. ಸುಲ್ತಾನನಿಗೆ ಯಾವ ಚಿತ್ರ ಬೇಕಾಗಿದೆಯೆಂದು ತಿಳಿದು, ಆ ಚಿತ್ರಕ್ಕೆ ಸರಿಯಾದ ವೇಷವನ್ನು ಅವನು ಹೊಲಿಸಿಕೊಂಡಿದ್ದಾನೆ. ಸುಲ್ತಾನನಿಗೆ ಇದು ಗೊತ್ತಿಲ್ಲ. ಅವನು ಮನಃಪೂರ್ವಕ ಮಾತಾಡಿದವನೇ. ಆದರೆ ಅವನ ಮಾತಿನ ಮೊದಲನೆಯ ಕಾಲು, ಆ ವಿಶ್ವಾಸ, ನಿಂತಿರುವುದು ಒಂದು ಖೊಟ್ಟಿ ಕಾಗದದ ಮೇಲೆ. ಆಡುವವನು ಪ್ರಾಮಾಣಿಕನಾಗಿದ್ದ ಮಾತ್ರಕ್ಕೆ ಅವನ ಆಧಾರ ಗಟ್ಟಿಯಾಗಿರಬೇಕೆಂದಿಲ್ಲ.

೪. ಖಾಲಿ ಅಂಗಳ

ಮೂರನೆಯ ದೃಶ್ಯದಲ್ಲಿ ಇಬ್ಬರು ಮಾತುಗಾರರು ಎದುರೆದುರಾಗುತ್ತಾರೆ. ಶೇಖ್ ಇಮಾಮುದ್ದೀನನು ಊರೂರು ತಿರುಗಿ ಸುಲ್ತಾನನ ವಿರುದ್ಧ ಬಹಿರಂಗವಾಗಿ ಮಾತಾಡುವ ಸಂತ. ಅವನ ಮಾತಿಗೆ ಊರುಗಳು ಹೊತ್ತಿಕೊಳ್ಳುತ್ತವೆ. ಅಂಥವನನ್ನು ಸುಲ್ತಾನನು ಸೆರೆಗೆ ಹಾಕಲಿಲ್ಲ. ದಿಲ್ಲಿಗೆ ಕರೆದು, ಮಸೀದಿಯ ಅಂಗಳದಲ್ಲಿ ಸಭೆ ಏರ್ಪಡಿಸಿ, ನನ್ನ ತಪ್ಪುಗಳನ್ನು ನನ್ನ ಜನರೆದುರಿಗೇ ಹೇಳಿ ಎನ್ನುತ್ತಾನೆ. ಎಂಥ ಔದಾರ್ಯ! ಆದರೆ ಸಭೆಗೆ ಒಬ್ಬನೂ ಬರುವುದಿಲ್ಲ. ಏಕೆಂಬುದು ಮುಂದಿನ ದೃಶ್ಯದಲ್ಲಿ ರತನಸಿಂಗನ ಬಾಯಿಂದ ಹೊರಬೀಳುತ್ತದೆ: ಸಿಪಾಯಿಗಳು ಮನೆ ಮನೆಗೆ ಹೋಗಿ, ಯಾರೂ ಸಭೆಗೆ ಹೋಗಕೂಡದೆಂದು ತಿಳಿಸಿದ್ದರು. ಮೇಲೆ ಆಮಂತ್ರಣ, ಕೆಳಗೆ ತಡೆ.

ಮಾತುಗಾರನನ್ನು ಸೋಲಿಸಲು ಅವನ ಬಾಯಿ ಕಟ್ಟಬೇಕಾಗಿಲ್ಲ, ಕೇಳುವವರನ್ನು ತಪ್ಪಿಸಿದರೆ ಸಾಕು. ಶೇಖನು ಎದೆಗುಂದಿದ ಆ ಹೊತ್ತಿನಲ್ಲಿ ಸುಲ್ತಾನನು ಇನ್ನೊಂದು ಬೇಡಿಕೆ ಇಡುತ್ತಾನೆ. ಬಂಡೆದ್ದು ಬರುತ್ತಿರುವ ಐನ್-ಉಲ್-ಮುಲ್ಕನ ಬಳಿಗೆ ಸಂಧಾನಕ್ಕೆ ಹೋಗಿ. ಮುಸಲ್ಮಾನರ ರಕ್ತ ಮುಸಲ್ಮಾನರಿಂದ ಹರಿಯುವುದನ್ನು ತಪ್ಪಿಸಿ. ನಿಮ್ಮಂತಹ ಸಂತರ ಮಾತನ್ನು ಅವನು ಮೀರಲಾರ. ಗಮನಿಸಿರಿ, ಶೇಖನ ಧರ್ಮವನ್ನೇ ಹಿಡಿದು ಶೇಖನನ್ನು ಒಪ್ಪಿಸಿದನು. ಎದುರಾಳಿಯ ನಂಬಿಕೆಯನ್ನು ಅಲ್ಲಗಳೆಯದೆ, ಅದನ್ನೇ ಹಗ್ಗಮಾಡಿ ಅವನನ್ನು ಎಳೆಯುವುದು ಮಾತುಗಾರಿಕೆಯ ಅತ್ಯಂತ ಚತುರ ಪಟ್ಟು. ಶೇಖನ ಮುಖಚಹರೆ ಸುಲ್ತಾನನನ್ನು ಹೋಲುತ್ತದೆ. ರಾಯಭಾರಿಯ ನಿಲುವಂಗಿ ತೊಡಿಸಿ ಆನೆಯ ಮೇಲೆ ಕೂರಿಸಿದರೆ ದೂರದಿಂದ ಸುಲ್ತಾನನೇ. ಸುಲ್ತಾನನ ಕಡೆಯಿಂದಲೇ ಯುದ್ಧದ ಕಹಳೆ ಮೊಳಗುತ್ತದೆ, ಶೇಖನು ಸಾಯುತ್ತಾನೆ, ಬೆನ್ನಟ್ಟಿ ಬಂದ ಶತ್ರು ಬಲೆಗೆ ಬೀಳುತ್ತಾನೆ. ಮೊದಲನೆಯ ದೃಶ್ಯದಲ್ಲಿ ಅಜೀಜನು ತೊಟ್ಟ ವೇಷ ಅವನಿಗೆ ಲಾಭ ತಂದಿತು. ಇಲ್ಲಿ ಶೇಖನಿಗೆ ತೊಡಿಸಿದ ವೇಷ ಪ್ರಾಣ ತೆಗೆಯಿತು.

೫. ಸಾಮದಿಂದ ದಂಡಕ್ಕೆ

ನಮ್ಮ ರಾಜನೀತಿಯಲ್ಲಿ ನಾಲ್ಕು ಉಪಾಯಗಳನ್ನು ಹೇಳಿದೆ: ಸಾಮ, ದಾನ, ಭೇದ, ದಂಡ. ಇಡೀ ನಾಟಕವನ್ನು ಈ ನಾಲ್ಕು ಮೆಟ್ಟಿಲುಗಳ ಮೇಲೆ ಇಟ್ಟು ನೋಡಬಹುದು. ಮೊದಲನೆಯ ದೃಶ್ಯದ ಆಮಂತ್ರಣ ಸಾಮ. ಬೆಳ್ಳಿಯ ದಿನಾರು, ನೌಕರಿ, ತೆರಿಗೆಯ ಮನ್ನಾ ಇವು ದಾನ. ಶೇಖನ ಪ್ರಕರಣ ಭೇದ. ಉಳಿದದ್ದು ದಂಡ.

ಆರನೆಯ ದೃಶ್ಯದಲ್ಲಿ ಅಮೀರರು ಪ್ರಾರ್ಥನೆಯ ಹೊತ್ತಿನಲ್ಲಿಯೇ ಸುಲ್ತಾನನನ್ನು ಕೊಲ್ಲಲು ಸಂಚು ಹೂಡಿರುತ್ತಾರೆ. ಆ ಸಂಚು ಒಡೆಯುತ್ತದೆ. ಶಿಹಾಬುದ್ದೀನನನ್ನು ಸುಲ್ತಾನನು ಸ್ವಂತ ಕೈಯಿಂದ ಇರಿಯುತ್ತಾನೆ. ಅದರ ಬೆನ್ನಿಗೇ ಬರುತ್ತದೆ ಆಜ್ಞೆ: ದಿಲ್ಲಿಯ ಜನರೆಲ್ಲರೂ ಹದಿನೈದು ದಿನಗಳೊಳಗೆ ಊರು ಬಿಡಬೇಕು, ಒಬ್ಬನೂ ಉಳಿಯಕೂಡದು. ಆಮಂತ್ರಣವು ಅಪ್ಪಣೆಯಾಯಿತು. ಲಕೋಟೆ ಹರಿದು ಒಳಗಿನ ಕಾಗದ ಹೊರಬಿತ್ತು. ಪ್ರಾರ್ಥನೆಯೂ ನಿಷಿದ್ಧವಾಯಿತು.

ಆ ದಾರಿಯ ಚಿತ್ರ ಏಳನೆಯ ದೃಶ್ಯದಲ್ಲಿದೆ. ಅಜೀಜನು ಈಗ ಸರಕಾರಿ ಅಧಿಕಾರಿ. ಜನರ ತಂಡಗಳನ್ನು ಕಾಯುವವನು. ಒಬ್ಬ ಹೆಂಗಸು ಸಾಯುತ್ತಿರುವ ಕೂಸನ್ನೆತ್ತಿಕೊಂಡು ಬಂದು, ವೈದ್ಯನ ಹತ್ತಿರ ಹೋಗಿಬರಲು ಅಪ್ಪಣೆ ಕೇಳುತ್ತಾಳೆ. ಅವನು ಹಣ ಕೇಳುತ್ತಾನೆ. ಅವಳ ಬೇಡಿಕೆಯಲ್ಲಿ ಅಲಂಕಾರವಿಲ್ಲ, ಜಾಣ್ಮೆಯಿಲ್ಲ. ಅದು ಯಾರ ಮನಸ್ಸನ್ನೂ ತಿರುಗಿಸುವುದಿಲ್ಲ. ಇಡೀ ನಾಟಕದಲ್ಲಿ ಅತ್ಯಂತ ನಿಜವಾದ ಮಾತು ಅವಳದು, ಅತ್ಯಂತ ದುರ್ಬಲವಾದ ಮಾತೂ ಅವಳದೇ. ಮಾತಿನ ಬಲವೆಂದರೆ ಮಾತಿನ ಸತ್ಯವಲ್ಲವೆಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು.

ತಾಮ್ರದ ನಾಣ್ಯದ ಕಥೆಯೂ ಇದಕ್ಕೆ ಹೊಂದುವಂಥದೇ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ದಿನಾರಿನ ಬೆಲೆಯೆಂದು ಸುಲ್ತಾನನು ಸಾರುತ್ತಾನೆ. ಲೋಹದಲ್ಲಿ ಬೆಲೆಯಿಲ್ಲ, ದೊರೆಯ ಮಾತಿನಲ್ಲಿ ಬೆಲೆ. ಇಂದು ನಮ್ಮ ಜೇಬಿನ ಕಾಗದದ ನೋಟೂ ಇದೇ ತತ್ತ್ವದ್ದು, ಆಲೋಚನೆ ತಪ್ಪಲ್ಲ. ಆದರೆ ಮಾತನ್ನು ನಕಲು ಮಾಡುವುದು ಸುಲಭವಾದಂತೆ ತಾಮ್ರದ ನಾಣ್ಯವನ್ನೂ ನಕಲು ಮಾಡುವುದು ಸುಲಭವಾಯಿತು. ಮನೆ ಮನೆಯೂ ಟಂಕಸಾಲೆಯಾಯಿತು. ಕೊಟ್ಟ ಮಾತು ಉಳಿಸಿಕೊಳ್ಳಲು ಖಜಾನೆಯ ಬೆಳ್ಳಿ ತೆತ್ತು ಖೊಟ್ಟಿ ನಾಣ್ಯ ಕೊಳ್ಳಬೇಕಾಯಿತು. ಸುಲ್ತಾನನು ಗುಲಾಬಿ ತೋಟಕ್ಕೆಂದು ಕನಸು ಕಂಡಿದ್ದ ಜಾಗದಲ್ಲಿ ನಕಲಿ ನಾಣ್ಯಗಳ ರಾಶಿ ಬೀಳುವುದನ್ನು ಹತ್ತನೆಯ ದೃಶ್ಯದಲ್ಲಿ ನೋಡುತ್ತೇವೆ.

೬. ದೋಬಿಯ ವಾದ

ಕೊನೆಯ ದೃಶ್ಯ ಓದದೆ ಈ ನಾಟಕದ ಅಭ್ಯಾಸ ಪೂರ್ತಿಯಾಗದು. ಪ್ರಾರ್ಥನೆಯನ್ನು ಮತ್ತೆ ಪ್ರಾರಂಭಿಸಲು ಸುಲ್ತಾನನು ಬಗದಾದಿನ ಖಲೀಫರ ವಂಶದ ಘಿಯಾಸುದ್ದೀನನನ್ನು ಕರೆಸುತ್ತಾನೆ. ದಾರಿಯಲ್ಲಿ ಅಜೀಜನು ಅವನನ್ನು ಕೊಂದು, ಅವನ ಉಡುಪು ತೊಟ್ಟು, ತಾನೇ ಪವಿತ್ರ ಅತಿಥಿಯಾಗಿ ದೌಲತಾಬಾದಿಗೆ ಬರುತ್ತಾನೆ. ಸುಲ್ತಾನನು ಜನರೆದುರು ಅವನನ್ನು ಬರಮಾಡಿಕೊಳ್ಳುತ್ತಾನೆ. ಮುಂದೆ ಗುಟ್ಟು ಬಯಲಾಗಿ, ಅಜೀಜನು ಸುಲ್ತಾನನ ಎದುರಿಗೆ ನಿಲ್ಲುತ್ತಾನೆ. ಮರಣವಲ್ಲದೆ ಬೇರೆ ಗತಿಯಿಲ್ಲ ಎಂದು ನಾವು ಎಣಿಸುತ್ತೇವೆ.

ಆಗ ಅವನು ಮಾತಾಡುತ್ತಾನೆ. ಕರುಣೆ ಬೇಡುವುದಿಲ್ಲ. ತನ್ನಷ್ಟು ನಿಷ್ಠಾವಂತ ಪ್ರಜೆ ಸುಲ್ತಾನನಿಗೆ ಇನ್ನೊಬ್ಬನಿಲ್ಲ ಎಂಬುದು ಅವನ ವಾದ. ಸುಲ್ತಾನನ ಒಂದೊಂದು ಘೋಷಣೆಯನ್ನೂ ಅವನು ಮನಸ್ಸಿಟ್ಟು ಕೇಳಿದ್ದಾನೆ, ಒಂದೊಂದನ್ನೂ ನಂಬಿ ನಡೆದಿದ್ದಾನೆ. ನ್ಯಾಯವೆಂದಾಗ ನ್ಯಾಯಾಲಯಕ್ಕೆ ಹೋದನು. ದೌಲತಾಬಾದೆಂದಾಗ ಆ ದಾರಿಯಲ್ಲಿ ಕೆಲಸ ಹಿಡಿದನು. ತಾಮ್ರವೆಂದಾಗ ತಾಮ್ರದ ವ್ಯಾಪಾರಕ್ಕೆ ಇಳಿದನು. ಜೊತೆಗೆ, ಯಾವನನ್ನು ದೊರೆಯು ಜನರೆದುರು ಪೂಜ್ಯನೆಂದು ಸ್ವಾಗತಿಸಿದನೋ ಅವನೇ ಕಳ್ಳನೆಂದು ಈಗ ಸಾರಿದರೆ ನಗೆಗೀಡಾಗುವವರು ಯಾರು? ಇದು ಬೆದರಿಕೆಯೂ ಹೌದು, ಸಲಹೆಯೂ ಹೌದು. ಸುಲ್ತಾನನು ನಗುತ್ತಾನೆ, ಕಡೆಗೆ ಅವನಿಗೆ ದಖ್ಖಣದ ಸೈನ್ಯದಲ್ಲಿ ಅಧಿಕಾರ ಕೊಟ್ಟು ಕಳಿಸುತ್ತಾನೆ.

ಮಾತುಗಾರನು ಮಾತಿಗೇ ಸೋತನು. ಸಾಮಾನ್ಯ ಮಾತಿಗಲ್ಲ, ತನ್ನದೇ ಮಾತಿನ ಪ್ರತಿಧ್ವನಿಗೆ. ತನ್ನನ್ನು ನಂಬಿದವರು ಬರಲಿ ಎಂದು ದೊರೆ ಕರೆದಿದ್ದನಲ್ಲ. ಕಡೆಯ ತನಕ ಬಂದವನು ಇವನೊಬ್ಬನೇ! ಇತಿಹಾಸಕಾರ ಬರನಿಯೂ ಬಿಟ್ಟು ಹೊರಡುತ್ತಾನೆ. ನಮಾಜಿನ ಕರೆ ಕೇಳಿಬರುವಾಗ ಸುಲ್ತಾನನು ನಿದ್ದೆಗೆ ಜಾರಿರುತ್ತಾನೆ. ಎಚ್ಚರಗೊಂಡರೂ ತಾನೆಲ್ಲಿದ್ದೇನೆಂದು ತಿಳಿಯದೆ ದಿಗ್ಭ್ರಮೆಯಿಂದ ನೋಡುತ್ತಾನೆ. ಅಷ್ಟು ಮಾತಾಡಿದವನ ಬಾಯಲ್ಲಿ ಕೊನೆಗೆ ಮಾತಿಲ್ಲ.

೭. ಇತಿಹಾಸ ಹೇಳುವುದೇನು?

ನಾಟಕವನ್ನು ಇತಿಹಾಸದ ಪುಸ್ತಕವೆಂದು ಓದಬಾರದು. ಅಜೀಜ್, ಆಜಂ ಕವಿಯ ಕಲ್ಪನೆಯ ಮಕ್ಕಳು. ಆದರೆ ಮಹಮ್ಮದ ಬಿನ್ ತುಘಲಕ್ ೧೩೨೫ರಿಂದ ೧೩೫೧ರವರೆಗೆ ಆಳಿದ್ದು ನಿಜ. ಯಾದವರ, ಅಂದರೆ ಸೇವುಣರ, ರಾಜಧಾನಿಯಾಗಿದ್ದ ದೇವಗಿರಿಗೆ ದೌಲತಾಬಾದೆಂದು ಹೆಸರಿಟ್ಟು ೧೩೨೭ರಲ್ಲಿ ರಾಜಧಾನಿ ಮಾಡಿದ್ದು ನಿಜ. ಕೆಲವು ವರ್ಷಗಳ ಮೇಲೆ ಜನರಿಗೆ ದಿಲ್ಲಿಗೆ ಮರಳಲು ಅಪ್ಪಣೆ ಕೊಟ್ಟದ್ದೂ ನಿಜ. ಆ ಸೇವುಣರು ಕನ್ನಡದಲ್ಲಿ ಅನೇಕ ಶಾಸನಗಳನ್ನು ಬರೆಯಿಸಿದವರೆಂಬುದನ್ನು ನಾವು ಮರೆಯಲಾಗದು.

ದಿಲ್ಲಿಯಲ್ಲಿ ನಾಯಿ ಬೆಕ್ಕು ಸಹ ಉಳಿಯಲಿಲ್ಲವೆಂಬ ಹಳೆಯ ವರ್ಣನೆಯನ್ನು ಇಂದಿನ ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಅಮೀರರು, ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು ಮತ್ತು ಅವರ ಪರಿವಾರದವರು ಹೋದರೇ ಹೊರತು ಇಡೀ ನಗರ ಬರಿದಾಗಲಿಲ್ಲವೆಂದು ಅನೇಕರ ಮತ. ಇಬ್ನ್ ಬತೂತನು ದಿಲ್ಲಿಗೆ ಬಂದದ್ದೇ ಸ್ಥಳಾಂತರದ ಕೆಲವು ವರ್ಷಗಳ ನಂತರ. ಅವನು ಬರೆದದ್ದು ಕೇಳಿದ ಕಥೆ. ಆದರೆ ಹೋದವರ ಕಷ್ಟ ಸುಳ್ಳಲ್ಲ. ಕವಿ ಇಸಾಮಿಯು ಹುಡುಗನಾಗಿ ಆ ದಾರಿ ನಡೆದವನು. ತೊಂಬತ್ತು ವರ್ಷದ ಅವನ ಅಜ್ಜ ಪಯಣದ ಮೊದಲ ಘಟ್ಟದಲ್ಲಿಯೇ ತೀರಿಕೊಂಡನು. ಇಸಾಮಿಯು ಮುಂದೆ ದಖ್ಖಣದಲ್ಲಿ ನಿಂತು ‘ಫುತೂಹ್-ಉಸ್-ಸಲಾತೀನ್’ ಎಂಬ ಕಾವ್ಯದಲ್ಲಿ ಸುಲ್ತಾನನನ್ನು ಕಟುವಾಗಿ ನಿಂದಿಸಿದನು. ದೊರೆಯ ಮಾತಿಗೆ ಆ ಹುಡುಗನು ಇಪ್ಪತ್ತು ವರ್ಷಗಳ ಮೇಲೆ ಕೊಟ್ಟ ಉತ್ತರ ಅದು.

ಫಲವೆಲ್ಲ ಕೆಟ್ಟದೇ ಎನ್ನುವಂತೆಯೂ ಇಲ್ಲ. ಬಂದವರಲ್ಲಿ ಎಲ್ಲರೂ ಮರಳಲಿಲ್ಲ. ದಿಲ್ಲಿಯಿಂದ ಬಂದ ಸೂಫಿ ಬುರ್ಹಾನುದ್ದೀನ್ ಗರೀಬರ ಗೋರಿ ದೌಲತಾಬಾದಿನ ಪಕ್ಕದ ಖುಲ್ದಾಬಾದಿನಲ್ಲಿದೆ. ೧೩೪೭ರಲ್ಲಿ ದೌಲತಾಬಾದಿನಲ್ಲಿಯೇ ಬಹಮನಿ ರಾಜ್ಯ ಹುಟ್ಟಿತು. ಅದರ ರಾಜಧಾನಿ ನಮ್ಮ ಕಲಬುರಗಿಗೆ ಹೋಯಿತು. ಬಂದವರ ಭಾಷೆ ಇಲ್ಲಿನ ಭಾಷೆಗಳೊಡನೆ ಕೂಡಿ ದಖನಿಯಾಯಿತು. ಕಲಬುರಗಿ, ಬೀದರ, ವಿಜಯಪುರ ಕಡೆಯ ನಮ್ಮವರು ಸಂತೆಯಲ್ಲಿ ಕೇಳುತ್ತ ಬೆಳೆದ ಆ ಮಾತಿನ ಹುಟ್ಟಿಗೂ ಈ ದಾರಿಗೂ ಸಂಬಂಧವಿದೆ. ಒಬ್ಬ ದೊರೆಯ ಭಾಷಣ ಎಲ್ಲೆಲ್ಲಿ ಹೋಗಿ ಮುಟ್ಟಿತು ನೋಡಿರಿ.

೮. ನಮಗೆ ಇದರಿಂದ ಬರುವ ಪ್ರಯೋಜನ

ನಮ್ಮಲ್ಲಿ ಬಹುಮಂದಿ ಒಬ್ಬರ ಮಾತು ಕೇಳಿ ಊರು ಬಿಟ್ಟವರೇ. ಮಾವನೋ, ಮುಕಾದಮನೋ, ಮೊದಲೇ ಬಂದ ಗೆಳೆಯನೋ ಹೇಳಿದರು, ಅಲ್ಲಿ ಕೆಲಸವಿದೆ, ಖೋಲಿಯಿದೆ, ಪಗಾರ ಚೆನ್ನಾಗಿದೆ ಎಂದು. ಕೆಲವರ ಪಾಲಿಗೆ ಆ ಮಾತು ನಿಜವಾಯಿತು, ಕೆಲವರ ಪಾಲಿಗೆ ಅರ್ಧ ನಿಜವಾಯಿತು. ಇಂದೂ ಗೇಟಿನ ಸಭೆಯಲ್ಲಿ, ಚುನಾವಣೆಯ ವೇದಿಕೆಯಲ್ಲಿ, ಚೀಟಿ ಹಣ ಕೂಡಿಸುವವನ ಬಾಯಲ್ಲಿ, ಕೈಯೊಳಗಿನ ಮೊಬೈಲಿನಲ್ಲಿ ನಮ್ಮನ್ನು ಒಪ್ಪಿಸುವ ಮಾತುಗಳು ದಿನವೂ ಬರುತ್ತಲೇ ಇವೆ. ಕಿವಿ ಮುಚ್ಚಿಕೊಂಡು ಬಾಳುವುದು ಸಾಧ್ಯವಿಲ್ಲ, ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ಒಪ್ಪಿಸುವ ಮಾತೇ ಇಲ್ಲದ ಕಡೆ ಉಳಿಯುವುದು ದಂಡವೊಂದೇ ಎಂಬುದನ್ನು ಆರನೆಯ ದೃಶ್ಯದಲ್ಲಿ ಕಂಡೆವು. ಆದುದರಿಂದ ಮಾತು ಬೇಕು. ಅದನ್ನು ತೂಗುವ ತಕ್ಕಡಿಯೂ ಬೇಕು.

ಗಿರಣಿಯ ಕಚೇರಿಯಲ್ಲಿ ಕುಳಿತು ಕಾಗದ ನೋಡುವ ನನ್ನಂಥವನಿಗೆ ಒಂದು ರೂಢಿಯಿದೆ. ನೋಟೀಸು ಬಂದರೆ ಮೊದಲು ಅದರ ಸೊಗಸಾದ ವಾಕ್ಯಗಳನ್ನು ಓದುವುದಿಲ್ಲ. ತಾರೀಖು, ದರ, ಸಹಿ ಈ ಮೂರನ್ನು ನೋಡುತ್ತೇನೆ. ಭಾಷಣಕ್ಕೂ ಹಾಗೆಯೇ ಒಂದು ಓದುವ ಕ್ರಮ ಇಟ್ಟುಕೊಳ್ಳಬಹುದು. ನಾಟಕವನ್ನು ಓದುತ್ತ ನನಗೆ ತೋರಿದ್ದು ನಾಲ್ಕು ಪ್ರಶ್ನೆಗಳು. ಕೊಟ್ಟ ಕಾರಣಗಳು ಯಾರ ಲಾಭದವು, ಹೇಳುವವನದೋ ಕೇಳುವವನದೋ? ದಾರಿಯ ಖರ್ಚು ಯಾರದು? ಒಲ್ಲೆನೆಂದರೆ ಏನಾಗುತ್ತದೆ? ಕೆಲಸದ ಪ್ರಶ್ನೆಯನ್ನು ನಂಬಿಕೆಯ ಪ್ರಶ್ನೆಯಾಗಿ ಯಾವ ವಾಕ್ಯದಲ್ಲಿ ಬದಲಾಯಿಸಿದರು? ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ನನ್ನ ಮೇಲೆ ವಿಶ್ವಾಸವಿಲ್ಲವೆ ಎಂದು ಒಬ್ಬನು ಕೇಳಿದಾಗ, ವಿಶ್ವಾಸವಿದೆ, ಆದರೆ ಲೆಕ್ಕವನ್ನೂ ತೋರಿಸಿರಿ ಎನ್ನುವುದು ಅವಮಾನವಲ್ಲ. ದಿಲ್ಲಿಯ ಅಂಗಳದಲ್ಲಿ ಆ 'ಆದರೆ'ಯನ್ನು ದೊರೆಯ ಮುಖದೆದುರು ಹೇಳಿದವನು ಒಬ್ಬನೂ ಇರಲಿಲ್ಲ.

ಮಾತಾಡುವ ಪಾಳಿ ನಮ್ಮದಾದಾಗಲೂ ಈ ಪ್ರಶ್ನೆಗಳು ಅನ್ವಯಿಸುತ್ತವೆ. ಊರಿನಿಂದ ತಮ್ಮನನ್ನೋ ಅಳಿಯನನ್ನೋ ಇಲ್ಲಿಗೆ ಕರೆಯುವಾಗ ಪಗಾರದ ಅಂಕಿ ಹೇಳಿ ಖೋಲಿಯ ಬಾಡಿಗೆ ಹೇಳದಿದ್ದರೆ, ನಮ್ಮದೂ ಒಂದು ಸಣ್ಣ ದೌಲತಾಬಾದಿನ ಆಮಂತ್ರಣವೇ ಆಗುತ್ತದೆ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

೯. ಅಭ್ಯಾಸಕ್ಕೆ

ವಾಚನಾಲಯದಲ್ಲಿ ಮೊದಲನೆಯ ದೃಶ್ಯವನ್ನು ಕೂಡಿ ಓದಬೇಕು. ಒಬ್ಬರು ಸುಲ್ತಾನನ ಮಾತು ಓದಲಿ. ಉಳಿದವರು ಮುದುಕ, ಯುವಕ, ಹಿಂದೂ ಇವರ ಪಾತ್ರ ವಹಿಸಲಿ. ಓದು ಮುಗಿದೊಡನೆ ಪುಸ್ತಕ ಮುಚ್ಚಿ ಕೆಳಗಿನ ಪ್ರಶ್ನೆಗಳನ್ನು ಚರ್ಚಿಸಬೇಕು.

ಒಂದು: ಭಾಷಣ ಕೇಳುತ್ತಿರುವಾಗ ನಿಮಗೆ ಹೋಗಬೇಕೆನ್ನಿಸಿತೆ? ಯಾವ ಮಾತಿಗೆ?

ಎರಡು: ಸುಲ್ತಾನನು ಬಿಟ್ಟ ಸಂಗತಿಗಳ ಪಟ್ಟಿ ಮಾಡಿರಿ. ಅವನ್ನೂ ಸೇರಿಸಿ ಹೇಳಿದ್ದರೆ ಭಾಷಣ ದುರ್ಬಲವಾಗುತ್ತಿತ್ತೆ, ಇನ್ನೂ ಬಲವಾಗುತ್ತಿತ್ತೆ?

ಮೂರು: ಶೇಖನು ಖಾಲಿ ಅಂಗಳವನ್ನು ಕಂಡೊಡನೆ ಮರಳಿ ಹೋಗಿದ್ದರೆ ಕಥೆ ಏನಾಗುತ್ತಿತ್ತು?

ನಾಲ್ಕು: ಅಜೀಜನ ಕೊನೆಯ ವಾದದಲ್ಲಿ ಸತ್ಯವೆಷ್ಟು? ಸುಲ್ತಾನನ ಸ್ಥಾನದಲ್ಲಿ ನೀವಿದ್ದರೆ ಏನೆಂದು ಉತ್ತರ ಕೊಡುತ್ತಿದ್ದಿರಿ?

ಐದು: ಕೂಸನ್ನೆತ್ತಿಕೊಂಡು ಬಂದ ಹೆಂಗಸಿನ ಪರವಾಗಿ ನೀವು ಮಾತಾಡಬೇಕಾಗಿದ್ದರೆ, ಅಜೀಜನನ್ನು ಒಪ್ಪಿಸಲು ಯಾವ ಮಾತು ಹುಡುಕುತ್ತಿದ್ದಿರಿ?

ಆದವರು ದೌಲತಾಬಾದಿನ ಕೋಟೆಯನ್ನು ಹತ್ತಿ ಬರಬೇಕು. ಬಂಡೆಯನ್ನು ಕಡಿದು ಮಾಡಿದ ಕಂದಕವನ್ನು ದಾಟಿದರೆ ‘ಅಂಧೇರಿ’ ಎಂಬ ಕತ್ತಲ ದಾರಿ ಬರುತ್ತದೆ. ನಾಟಕದ ಎಂಟನೆಯ ದೃಶ್ಯದಲ್ಲಿ ಮುದಿ ಕಾವಲುಗಾರನೊಬ್ಬನು ಎಳೆಯ ಕಾವಲುಗಾರನಿಗೆ ಈ ಕೋಟೆಯ ಸುರಂಗದ ವಿಷಯವನ್ನೂ, ದಿಲ್ಲಿಯಿಂದ ಬರುವಾಗ ತಾನು ಕಳೆದುಕೊಂಡ ಮನೆಯವರ ವಿಷಯವನ್ನೂ ಹೇಳುತ್ತಾನೆ. ಅಲ್ಲಿ ನಿಂತು ಆ ದೃಶ್ಯವನ್ನು ಓದಿಕೊಂಡರೆ, ಆ ಇಬ್ಬರು ಕಾವಲುಗಾರರು ನಮ್ಮ ಪಾಳಿಯವರೇ ಎಂದು ತೋರುತ್ತದೆ. ಮೆಟ್ಟಿಲು ಬಹಳವಿವೆ, ಕುಡಿಯುವ ನೀರು ಜೊತೆಗಿರಲಿ.